ಕೋಳಿ ಅಂಕದ ಕತ್ತಿ, ಬಲೂನಿನ ಕಡತ

ಬೆಂಗಳೂರಿನಿಂದ ಭುವನೇಶ್ವರಕ್ಕೆ ಹೋಗುವ ಪ್ರಶಾಂತಿ ಎಕ್ಸ್‌ಪ್ರೆಸ್ಸು ಕೃಷ್ಣಾ ನದಿಯ ಸೇತುವೆ ದಾಟಿ ವಿಜಯವಾಡ ತಲುಪುತ್ತದೆ. ಅಲ್ಲಿಂದ ಇನ್ನೂ ಕೆಲವು ಗಂಟೆ ಕೂತರೆ ವಿಶಾಖಪಟ್ಟಣ. ಒಮ್ಮೆ ಆ ರೈಲಿನಲ್ಲಿ ನನ್ನ ಎದುರು ಸೀಟಿನ ಹುಡುಗ ಮೊಬೈಲಿನಲ್ಲಿ ಸಿನಿಮಾ ನೋಡುತ್ತಿದ್ದ. ನಿವೃತ್ತ ಗೂಢಚಾರನೊಬ್ಬನ ಮೇಲೆ ದೊಡ್ಡವರೆಲ್ಲ ಸೇರಿ ಸಂಚು ಮಾಡಿ ದೇಶದ್ರೋಹದ ಪಟ್ಟ ಕಟ್ಟುತ್ತಾರೆ, ಅವನು ಓಡುತ್ತಾನೆ, ಹೊಡೆಯುತ್ತಾನೆ, ಕೊನೆಗೆ ಪೆನ್‌ಡ್ರೈವ್ ಒಂದನ್ನು ಟಿವಿಯವರ ಕೈಗಿಟ್ಟು ಗೆಲ್ಲುತ್ತಾನೆ. ಇಂಥ ಕತೆ ನಿಮಗೂ ಗೊತ್ತು. ನಾನು ಕಿಟಕಿಯಾಚೆ ನೋಡುತ್ತ ಕೂತಿದ್ದೆ. ನಾವು ಹಾದುಹೋಗುತ್ತಿದ್ದ ಈ ಎರಡು ಊರುಗಳಲ್ಲಿ ಇದೇ ಕತೆ ಐದು ವರ್ಷ ನಿಜವಾಗಿ ನಡೆದಿತ್ತಲ್ಲ ಎಂದು ಆಗ ನೆನಪಾಯಿತು. ಆ ಕತೆಯಲ್ಲಿ ಓಟವಿರಲಿಲ್ಲ, ಗುಂಡಿನ ಸದ್ದೂ ಇರಲಿಲ್ಲ. ಇದ್ದದ್ದು ಆದೇಶ ಪತ್ರಗಳು ಮತ್ತು ವಾಯಿದೆಗಳು.

ಆ ಅಧಿಕಾರಿಯ ಹೆಸರು ಎ.ಬಿ. ವೆಂಕಟೇಶ್ವರ ರಾವ್. ತೆಲುಗು ಪತ್ರಿಕೆಗಳಿಗೆ ಬರೀ 'ಎಬಿವಿ'. 1989ರ ತಂಡದ ಐಪಿಎಸ್. ಸಿನಿಮಾದ ಗೂಢಚಾರರಂತೆ ವೇಷ ಮರೆಸಿಕೊಂಡು ತಿರುಗಿದವರಲ್ಲ. ಅಂಥವರನ್ನು ನಡೆಸುವ ಇಲಾಖೆಯ ಮುಖ್ಯಸ್ಥರಾಗಿದ್ದವರು. ರಾಜ್ಯ ಇಬ್ಭಾಗವಾದ 2014ರ ನಂತರ ವಿಜಯವಾಡದ ಪೊಲೀಸ್ ಕಮಿಷನರ್ ಆದರು. 2015ರಲ್ಲಿ 'ಓಟಿಗೆ ನೋಟು' ಹಗರಣದಿಂದ ಚಂದ್ರಬಾಬು ನಾಯ್ಡು ಅವರ ಸರ್ಕಾರ ಮುಜುಗರಕ್ಕೆ ಸಿಕ್ಕಿ, ಗುಪ್ತಚರ ವಿಭಾಗದಲ್ಲಿ ಬದಲಾವಣೆಯಾದಾಗ ಆ ಕುರ್ಚಿಗೆ ಬಂದರು.

ಆ ಕುರ್ಚಿ ಎಂಥದ್ದು ಎಂದು ಸ್ವಲ್ಪ ಹೇಳಬೇಕು. ರಾಜ್ಯದ ಗುಪ್ತಚರ ಮುಖ್ಯಸ್ಥ ಮುಖ್ಯಮಂತ್ರಿಯನ್ನು ಹೆಚ್ಚುಕಡಿಮೆ ದಿನವೂ ಕಾಣುವ ಅಧಿಕಾರಿ. ನಕ್ಸಲರ ಸುದ್ದಿಯೂ ಅವನ ಬಳಿಯೇ ಬರಬೇಕು, ಯಾವ ಶಾಸಕ ಯಾರ ಮನೆಯಲ್ಲಿ ಊಟ ಮಾಡಿದ ಎಂಬ ಸುದ್ದಿಯೂ ಅವನ ಬಳಿಯೇ ಬರುತ್ತದೆ. ಮೊದಲನೆಯದು ರಾಜ್ಯದ ಕೆಲಸ, ಎರಡನೆಯದು ಪಕ್ಷದ ಕೆಲಸ. ನಡುವಿನ ಗೆರೆ ಬಹಳ ತೆಳು. ನಮ್ಮ ಕರ್ನಾಟಕದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿ ಬಿಟ್ಟಿದ್ದೇ ದೂರವಾಣಿ ಕದ್ದಾಲಿಕೆಯ ಆರೋಪದಿಂದ. 2019ರಲ್ಲಿ ಮತ್ತೆ ಅದೇ ರಾಗ, ಮತ್ತೆ ಸಿಬಿಐ ತನಿಖೆ. 2014ರಿಂದ 2019ರವರೆಗೆ ಆಂಧ್ರದಲ್ಲಿ ವೈಎಸ್‌ಆರ್ ಕಾಂಗ್ರೆಸ್ಸಿನ 23 ಶಾಸಕರು ತೆಲುಗು ದೇಶಂ ಕಡೆಗೆ ಹೋದರು. ಇದರ ಹಿಂದೆ ಗುಪ್ತಚರ ವಿಭಾಗದ ಕೈಯಿದೆ, ಎಬಿವಿ ಪಕ್ಷದ ಕಾರ್ಯಕರ್ತನಂತೆ ಕೆಲಸ ಮಾಡುತ್ತಿದ್ದಾರೆ ಎಂಬುದು ಜಗನ್ ಮೋಹನ ರೆಡ್ಡಿಯವರ ಪಕ್ಷದ ಆರೋಪ. ಎಬಿವಿ ಅದನ್ನು ಒಪ್ಪಲಿಲ್ಲ. ನನಗೆ ಅನ್ನಿಸುವುದಿಷ್ಟೆ: ಆ ಕುರ್ಚಿಯಲ್ಲಿ ಕೂತವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ವಿರೋಧ ಪಕ್ಷದ ಕಣ್ಣಿಗೆ ಸಾಚಾ ಆಗಿ ಕಾಣುವುದು ಕಷ್ಟ.

ಈ ಹಗೆ ಹೊತ್ತಿ ಉರಿದದ್ದು ವಿಶಾಖಪಟ್ಟಣದಲ್ಲಿ. 2018ರ ಅಕ್ಟೋಬರ್ 25ರಂದು ಜಗನ್ ಹೈದರಾಬಾದಿಗೆ ಹೋಗಲು ವಿಮಾನ ನಿಲ್ದಾಣದ ವಿಐಪಿ ಕೋಣೆಯಲ್ಲಿ ಕೂತಿದ್ದರು. ಅಲ್ಲಿನ ಕ್ಯಾಂಟೀನಿನ ಯುವಕನೊಬ್ಬ ಹತ್ತಿರ ಬಂದು ಅವರ ತೋಳಿಗೆ ಕತ್ತಿಯಿಂದ ಇರಿದ. ಕೋಳಿ ಅಂಕದಲ್ಲಿ ಹುಂಜದ ಕಾಲಿಗೆ ಕಟ್ಟುತ್ತಾರಲ್ಲ, ಆ ಸಣ್ಣ ಕತ್ತಿ. ನಮ್ಮ ಕರಾವಳಿಯವರಿಗೆ ಅದರ ಹರಿತ ಗೊತ್ತಿರುತ್ತದೆ. ಆಂಧ್ರದಲ್ಲಿ ಆ ಪ್ರಕರಣಕ್ಕೆ ಇವತ್ತಿಗೂ 'ಕೋಡಿ ಕತ್ತಿ ಕೇಸು' ಎಂದೇ ಹೆಸರು.

ಗಾಯ ಚಿಕ್ಕದು, ರಾಜಕೀಯ ದೊಡ್ಡದು. ವಿಶಾಖಪಟ್ಟಣದ ಆ ನಿಲ್ದಾಣ ನೌಕಾಪಡೆಯ ನೆಲೆಯಲ್ಲಿದೆ, ಒಳಗಿನ ಭದ್ರತೆ ಕೇಂದ್ರದ ಸಿಐಎಸ್‌ಎಫ್‌ನದು. ಹೀಗಾಗಿ ತಪ್ಪು ನಮ್ಮದಲ್ಲ ಎಂದಿತು ರಾಜ್ಯ. ಆರೋಪಿ ಜಗನ್ ಅಭಿಮಾನಿಯೇ, ಪ್ರಚಾರಕ್ಕಾಗಿ ಮಾಡಿದ್ದಾನೆ ಎಂದರು ರಾಜ್ಯದ ಪೊಲೀಸರು. ಕೊಲೆಯ ಸಂಚು ಎಂದಿತು ಜಗನ್ ಪಕ್ಷ. 2019ರ ಜನವರಿಯಲ್ಲಿ ತನಿಖೆ ಎನ್‌ಐಎ ಕೈಗೆ ಹೋಯಿತು. ಸಂಚಿನ ಸುಳಿವು ಸಿಕ್ಕಿಲ್ಲ ಎಂದು ಎನ್‌ಐಎ ನ್ಯಾಯಾಲಯಕ್ಕೆ ತಿಳಿಸಿದ್ದು 2023ರಲ್ಲಿ. ಆ ಯುವಕನಿಗೆ ಜಾಮೀನು ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ. ವಿಚಾರಣೆ ಮುಗಿಯದೆಯೇ ಐದು ವರ್ಷಕ್ಕೂ ಮೇಲೆ ಜೈಲಿನಲ್ಲಿದ್ದ ಅವನ ಕಡೆಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಚುನಾವಣೆ ಹತ್ತಿರವಾಯಿತು. ವೈಎಸ್‌ಆರ್ ಕಾಂಗ್ರೆಸ್ಸಿನ ದೂರಿನ ಮೇಲೆ 2019ರ ಮಾರ್ಚ್ 26ರಂದು ಚುನಾವಣಾ ಆಯೋಗ ಎಬಿವಿಯವರನ್ನು ಗುಪ್ತಚರ ವಿಭಾಗದಿಂದ ತೆಗೆಯಲು ಹೇಳಿತು. ಗುಪ್ತಚರ ಕೆಲಸಕ್ಕೂ ಚುನಾವಣೆಗೂ ಸಂಬಂಧವಿಲ್ಲ ಎಂದು ನಾಯ್ಡು ಸರ್ಕಾರ ಹೈಕೋರ್ಟಿಗೆ ಹೋಗಿ ಸೋತಿತು. ಅವರನ್ನು ಮುಂದೆ ಭ್ರಷ್ಟಾಚಾರ ನಿಗ್ರಹ ದಳಕ್ಕೆ ಹಾಕಲಾಯಿತು. ಒಬ್ಬ ಅಧಿಕಾರಿಯನ್ನು ಉಳಿಸಿಕೊಳ್ಳಲು ಸರ್ಕಾರ ಇಷ್ಟು ಜಗ್ಗಾಡಿದ್ದೇ ಅವರಿಗೆ ಮುಳುವಾಯಿತೇನೋ. ಯಾರ ಮನುಷ್ಯ ಎಂಬ ಮುದ್ರೆ ಅಲ್ಲಿಗೆ ಗಟ್ಟಿಯಾಯಿತು.

ಮೇ ತಿಂಗಳಲ್ಲಿ ಜಗನ್ ಗೆದ್ದರು. ತೆಲುಗು ದೇಶಂಗೆ ಸಿಕ್ಕ ಸ್ಥಾನಗಳೂ ಸರಿಯಾಗಿ 23! ಎಬಿವಿಗೆ ಹುದ್ದೆ ಕೊಡದೆ ಕಾಯಿಸಿದರು. 2020ರ ಫೆಬ್ರವರಿ 8ರಂದು ಅಮಾನತಿನ ಆದೇಶ ಬಂತು.

ಆರೋಪ ಏನೆಂದರೆ, ಗುಪ್ತಚರ ಮುಖ್ಯಸ್ಥರಾಗಿದ್ದಾಗ ಇಸ್ರೇಲಿನ ಕಂಪನಿಯೊಂದರಿಂದ ಕಣ್ಗಾವಲಿನ ಬಲೂನು, ಡ್ರೋನ್ ಮುಂತಾದ ಉಪಕರಣ ಕೊಳ್ಳುವ ವ್ಯವಹಾರದಲ್ಲಿ ಅಕ್ರಮ ನಡೆಸಿದರು, ಆ ಕಂಪನಿಗೆ ಇಲ್ಲಿ ಪ್ರತಿನಿಧಿಯಾಗಿದ್ದುದು ಅವರ ಮಗನ ಸಂಸ್ಥೆ, ಇದರಿಂದ ಪೊಲೀಸರ ಗುಟ್ಟು ವಿದೇಶಿಯರ ಕೈಗೆ ಹೋಗಿ ದೇಶದ ಭದ್ರತೆಗೇ ಧಕ್ಕೆ. ಎಬಿವಿಯ ಉತ್ತರ: ಇದು ರಾಜಕೀಯ ಸೇಡು, ಆರೋಪಕ್ಕೆ ಆಧಾರವಿಲ್ಲ.

ದೇಶದ ಭದ್ರತೆ ಎಂಬ ಮಾತು ಆದೇಶದಲ್ಲಿ ಬಂದೊಡನೆ ಸಾಮಾನ್ಯ ಲಂಚದ ಆರೋಪದ ಬಣ್ಣವೇ ಬದಲಾಗುತ್ತದೆ. ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಮೇಲೆ ದೂರು ಬಂದರೆ ಅವನು ರಸ್ತೆ ತೋರಿಸಬಹುದು, ಅಳತೆ ಪುಸ್ತಕ ತೋರಿಸಬಹುದು, ಜೊತೆಗಿದ್ದ ಗುತ್ತಿಗೆದಾರನನ್ನು ಸಾಕ್ಷಿಗೆ ಕರೆಯಬಹುದು. ಗುಪ್ತಚರ ಅಧಿಕಾರಿ ಏನು ತೋರಿಸಬೇಕು? ಆ ಬಲೂನು ಎಲ್ಲಿ ಹಾರಬೇಕಿತ್ತು, ಯಾರನ್ನು ನೋಡಬೇಕಿತ್ತು, ಯಾಕೆ ತುರ್ತಾಗಿತ್ತು ಎಂಬುದೇ ಗುಟ್ಟು. ಕಡತಗಳು ಅವನನ್ನು ಹೊರಹಾಕಿದ ಇಲಾಖೆಯ ಕಪಾಟಿನಲ್ಲಿ. ಬಾಯಿ ಬಿಟ್ಟರೆ ನಿಯಮಭಂಗ, ಮುಚ್ಚಿಕೊಂಡರೆ ತಪ್ಪೊಪ್ಪಿಕೊಂಡಂತೆ.

ಬೆಂಗಳೂರಿನಲ್ಲಿ ಹಿಂದೊಮ್ಮೆ ಇದರ ಇನ್ನೊಂದು ಮಗ್ಗುಲನ್ನು ಕಂಡವರೊಬ್ಬರಿದ್ದರು. 1994ರ ಇಸ್ರೋ ಬೇಹುಗಾರಿಕೆ ಪ್ರಕರಣವೆಂದರೆ ನಮಗೆ ನಂಬಿ ನಾರಾಯಣನ್ ಒಬ್ಬರೇ ನೆನಪಾಗುತ್ತಾರೆ. ರಷ್ಯಾದ ಗ್ಲಾವ್‌ಕಾಸ್ಮೋಸ್ ಸಂಸ್ಥೆಯ ಪ್ರತಿನಿಧಿಯಾಗಿ ಬೆಂಗಳೂರಿನಲ್ಲಿದ್ದ ಕೆ. ಚಂದ್ರಶೇಖರ್ ಅವರನ್ನೂ ಅದರಲ್ಲಿ ಬಂಧಿಸಿದ್ದರು. ಅಲ್ಲಿ ಪ್ರಶ್ನೆ ಕೇಳುವ ಮೇಜಿನ ಆಚೆ ಬದಿಗೆ ಕೂತವರಲ್ಲಿ ಗುಪ್ತಚರ ಅಧಿಕಾರಿಗಳಿದ್ದರು. 1996ರಲ್ಲಿ ಸಿಬಿಐ, ಪ್ರಕರಣದಲ್ಲಿ ಹುರುಳಿಲ್ಲ ಎಂದಿತು. 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟು ನಂಬಿಯವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಚಂದ್ರಶೇಖರ್ ಅದನ್ನು ಕೇಳಲಿಲ್ಲ. ಅದೇ ದಿನ ಬೆಳಗ್ಗೆ ಪ್ರಜ್ಞೆ ತಪ್ಪಿದವರು ಎರಡು ದಿನದ ನಂತರ ಬೆಂಗಳೂರಿನಲ್ಲಿ ತೀರಿಕೊಂಡರು. ಎರಡು ಪ್ರಕರಣಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಚಂದ್ರಶೇಖರ್ ಸೆರೆಮನೆ ಕಂಡವರು, ಎಬಿವಿ ಅಮಾನತಿನಲ್ಲಿ ಕೂತವರು. ಆದರೆ 'ಭದ್ರತೆ' ಎಂಬ ಒಂದು ಪದ ಸಾಕ್ಷ್ಯದ ಜಾಗದಲ್ಲಿ ಹೇಗೆ ಕೂತುಬಿಡುತ್ತದೆ ಎಂಬುದು ಎರಡರಲ್ಲೂ ಕಾಣುತ್ತದೆ.

ಅಮಾನತು ಕಾನೂನಿನ ಪ್ರಕಾರ ಶಿಕ್ಷೆಯಲ್ಲ, ವಿಚಾರಣೆ ಮುಗಿಯುವ ತನಕದ ವ್ಯವಸ್ಥೆ. ಜೀವನಾಂಶ ಭತ್ಯೆ ಬರುತ್ತದೆ. ಅನುಮತಿಯಿಲ್ಲದೆ ಕೇಂದ್ರಸ್ಥಾನ ಬಿಡುವಂತಿಲ್ಲ. ಎಬಿವಿಗೆ ಆ ಕೇಂದ್ರಸ್ಥಾನ ವಿಜಯವಾಡ. ಒಂದು ಕಾಲಕ್ಕೆ ತಾವೇ ಪೊಲೀಸ್ ಕಮಿಷನರ್ ಆಗಿದ್ದ ಊರು. ಆರೋಪ ಸಾಬೀತು ಮಾಡುವ ತೊಂದರೆ ತೆಗೆದುಕೊಳ್ಳದೆ ಒಬ್ಬನನ್ನು ವರ್ಷಗಟ್ಟಲೆ ಕೂರಿಸಬೇಕೆಂದರೆ ಇದಕ್ಕಿಂತ ಅನುಕೂಲದ ದಾರಿ ಇಲ್ಲ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಮುಂದಿನದು ವಾಯಿದೆಗಳ ಕತೆ, ಬೇಗ ಹೇಳಿ ಮುಗಿಸುತ್ತೇನೆ. 2020ರ ಮಾರ್ಚಿನಲ್ಲಿ ಕೇಂದ್ರ ಆಡಳಿತ ನ್ಯಾಯಮಂಡಳಿ ಅಮಾನತನ್ನು ಎತ್ತಿಹಿಡಿಯಿತು. ಮೇ ತಿಂಗಳಲ್ಲಿ ಹೈಕೋರ್ಟು ರದ್ದು ಮಾಡಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ಆದೇಶಕ್ಕೆ ತಡೆ ಕೊಟ್ಟಿತು. 2021ರ ಮಾರ್ಚಿನಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಎಫ್‌ಐಆರ್ ಹಾಕಿತು. ಎರಡು ವರ್ಷದ ಹಿಂದೆ ಇದೇ ದಳದ ಮುಖ್ಯಸ್ಥರಾಗಿದ್ದವರು ಅವರು! 2022ರ ಏಪ್ರಿಲ್ 22ರಂದು ಸುಪ್ರೀಂ ಕೋರ್ಟು, ಅಖಿಲ ಭಾರತ ಸೇವೆಯ ಅಧಿಕಾರಿಯನ್ನು ಕೇಂದ್ರದ ಒಪ್ಪಿಗೆಯಿಲ್ಲದೆ ಎರಡು ವರ್ಷ ಮೀರಿ ಅಮಾನತಿನಲ್ಲಿ ಇಡುವಂತಿಲ್ಲ ಎಂದು ಹೇಳಿ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಆದೇಶಿಸಿತು. ಗಮನಿಸಬೇಕಾದ್ದು, ಇವೆಲ್ಲ ಅಮಾನತು ಸರಿಯೇ ತಪ್ಪೇ ಎಂಬುದರ ಬಗೆಗಿನ ಆದೇಶಗಳು. ಬಲೂನಿನ ವ್ಯವಹಾರದಲ್ಲಿ ತಪ್ಪು ನಡೆದಿತ್ತೇ ಎಂಬ ಮೂಲ ಪ್ರಶ್ನೆ ಬದಿಗೇ ಉಳಿದಿತ್ತು.

ಈ ನಡುವೆ ನಡೆದ ಒಂದು ಸಂಗತಿ ನನಗೆ ಇಡೀ ಕತೆಯ ತಿರುಳು ಅನ್ನಿಸುತ್ತದೆ. 2022ರ ಮಾರ್ಚಿನಲ್ಲಿ ಮಮತಾ ಬ್ಯಾನರ್ಜಿಯವರು, ನಾಯ್ಡು ಕಾಲದ ಆಂಧ್ರದಲ್ಲಿ ಪೆಗಾಸಸ್ ತಂತ್ರಾಂಶ ಇತ್ತು ಎಂಬರ್ಥದ ಮಾತಾಡಿದರು. ಅಮರಾವತಿಯಲ್ಲಿ ಗದ್ದಲವೆದ್ದು ವಿಧಾನಸಭೆಯಲ್ಲಿ ಸದನ ಸಮಿತಿಯವರೆಗೂ ಹೋಯಿತು. ಆಗ ಎಬಿವಿ ಪತ್ರಕರ್ತರನ್ನು ಕರೆದು, 2019ರ ಮೇ ತಿಂಗಳ ತನಕ ರಾಜ್ಯ ಸರ್ಕಾರ ಪೆಗಾಸಸ್ ಕೊಂಡಿಲ್ಲ ಎಂದರು. ಬದುಕಿನ ಬಹುಭಾಗ ಬಾಯಿ ಮುಚ್ಚಿಕೊಂಡೇ ಸಂಬಳ ಪಡೆದ ಮನುಷ್ಯ ಕ್ಯಾಮೆರಾ ಮುಂದೆ ಕೂತು, ತಾನು ಏನು ಮಾಡಿಲ್ಲ ಎಂಬುದನ್ನು ವಿವರಿಸಬೇಕಾಯಿತು. ಅನುಮತಿಯಿಲ್ಲದೆ ಪತ್ರಿಕಾಗೋಷ್ಠಿ ನಡೆಸಿದ್ದಕ್ಕೆ ವಿವರಣೆ ಕೇಳಿ ಸರ್ಕಾರ ನೋಟಿಸ್ ಕಳಿಸಿತು.

ಸುಪ್ರೀಂ ಕೋರ್ಟಿನ ಆದೇಶದ ನಂತರ 2022ರ ಜೂನಿನಲ್ಲಿ ಅವರಿಗೆ ಸಿಕ್ಕ ಹುದ್ದೆ ಮುದ್ರಣ ಮತ್ತು ಲೇಖನ ಸಾಮಗ್ರಿ ಇಲಾಖೆಯ ಆಯುಕ್ತರದು. ಗುಟ್ಟು ಕಾಯುತ್ತಿದ್ದವರಿಗೆ ಸರ್ಕಾರಿ ಅಚ್ಚುಕೂಟ! ಇದು ಯಾರದೋ ಚೇಷ್ಟೆಯೋ ಕಾಕತಾಳೀಯವೋ, ಓದುವವರು ಊಹಿಸಿಕೊಳ್ಳಬಹುದು. ಅದೂ ಹೆಚ್ಚು ದಿನ ಉಳಿಯಲಿಲ್ಲ. ಅದೇ ಜೂನ್ 28ಕ್ಕೆ ಎರಡನೆಯ ಅಮಾನತು. ಮತ್ತೆ ಎರಡು ವರ್ಷ.

ನಿವೃತ್ತಿಯ ದಿನ 2024ರ ಮೇ 31 ಎಂದು ಗೊತ್ತೇ ಇತ್ತು. ಮೇ 8ರಂದು ನ್ಯಾಯಮಂಡಳಿ ಎರಡನೆಯ ಅಮಾನತನ್ನು ರದ್ದು ಮಾಡಿತು. ಸರ್ಕಾರ ಹೈಕೋರ್ಟಿಗೆ ಓಡಿತು. ರಾಜ್ಯದಲ್ಲಿ ಮತದಾನ ಮುಗಿದು, ಎಣಿಕೆ ಬಾಕಿಯಿದ್ದ ದಿನಗಳವು. ಮೇ 30ರಂದು ಹೈಕೋರ್ಟು ತಡೆ ಕೊಡಲು ಒಪ್ಪಲಿಲ್ಲ. 31ರ ಬೆಳಗ್ಗೆ ಮರುನೇಮಕದ ಆದೇಶ ಹೊರಬಿತ್ತು. ಎಬಿವಿ ವಿಜಯವಾಡದ ಸರ್ಕಾರಿ ಮುದ್ರಣಾಲಯಕ್ಕೆ ಹೋಗಿ ಅಧಿಕಾರ ವಹಿಸಿಕೊಂಡರು. ಸಂಜೆ ನಿವೃತ್ತರಾದರು. ಮೂವತ್ತು ವರ್ಷಕ್ಕೂ ಮೀರಿದ ಸೇವೆಯ ಕೊನೆಯ ಐದು ವರ್ಷಗಳಲ್ಲಿ ಕೆಲಸವೆಂದು ಸಿಕ್ಕದ್ದು ಕೆಲವೇ ದಿನ.

ಒಂದು ದಿನದ ಆ ಹುದ್ದೆಗಾಗಿ ಅವರು ಯಾಕೆ ಅಷ್ಟು ಹಟ ಹಿಡಿದರು ಎಂದು ಕೇಳಿದ ಗೆಳೆಯರಿದ್ದಾರೆ. ಖಾಸಗಿ ಕಂಪನಿಗಳಲ್ಲಿ ಕೆಲಸ ಮಾಡುವ ನಮಗೆ ಅದು ಅರ್ಥವಾಗುವುದು ಕಷ್ಟ. ನಮ್ಮನ್ನು ತೆಗೆದರೆ ಇನ್ನೊಂದು ಊರು, ಇನ್ನೊಂದು ಕಂಪನಿ. ಸೇವಾ ಪುಸ್ತಕದ ಕೊನೆಯ ಸಾಲಿನಲ್ಲಿ 'ಅಮಾನತಿನಲ್ಲಿದ್ದಾಗ ನಿವೃತ್ತಿ' ಎಂದಿರುವುದಕ್ಕೂ 'ಕರ್ತವ್ಯದಲ್ಲಿದ್ದಾಗ ನಿವೃತ್ತಿ' ಎಂದಿರುವುದಕ್ಕೂ ಇರುವ ಅಂತರ ಪಿಂಚಣಿಯ ಲೆಕ್ಕವೊಂದೇ ಅಲ್ಲ. ನನ್ನ ತಂದೆ ಗುಮಾಸ್ತರಾಗಿದ್ದವರು. ಒಂದು ಮೆಮೊ ಬಂದ ರಾತ್ರಿ ಅವರು ಊಟ ಬಿಟ್ಟು ಮಲಗಿದ್ದು ನನಗೆ ನೆನಪಿದೆ.

ಜೂನ್ 4ರಂದು ಫಲಿತಾಂಶ ಬಂತು, ಸರ್ಕಾರ ಬದಲಾಯಿತು. 2025ರ ಆರಂಭದಲ್ಲಿ ನಾಯ್ಡು ಸರ್ಕಾರ ಅಮಾನತಿನ ಅವಧಿಯನ್ನೆಲ್ಲ ಕರ್ತವ್ಯದ ಅವಧಿಯೆಂದೇ ಪರಿಗಣಿಸಿ ಬಾಕಿ ವೇತನ ಕೊಡಲು ಆದೇಶಿಸಿತು. ಒಂದು ಸರ್ಕಾರದ ಕಾಗದದಲ್ಲಿ ದೇಶದ ಭದ್ರತೆಗೆ ಧಕ್ಕೆಯಾಗಿದ್ದವರು ಇನ್ನೊಂದು ಸರ್ಕಾರದ ಕಾಗದದಲ್ಲಿ ಅಷ್ಟೂ ದಿನ ಕೆಲಸದಲ್ಲೇ ಇದ್ದರು! ಜಗನ್ ಕಾಲದ ಗುಪ್ತಚರ ಮುಖ್ಯಸ್ಥರೊಬ್ಬರು ಅಷ್ಟರಲ್ಲಿ ಬೇರೆಯದೇ ಒಂದು ಪ್ರಕರಣದಲ್ಲಿ ಅಮಾನತಾಗಿದ್ದರು, 2025ರ ಏಪ್ರಿಲ್‌ನಲ್ಲಿ ಬಂಧನಕ್ಕೂ ಒಳಗಾದರು. ಆ ಪ್ರಕರಣದ ಸತ್ಯಾಸತ್ಯ ನ್ಯಾಯಾಲಯಕ್ಕೆ ಬಿಟ್ಟದ್ದು. ಕುರ್ಚಿ ಮಾತ್ರ ಅದೇ.

ಕೋಳಿ ಅಂಕದ ಕತ್ತಿಯ ಯುವಕನ ಮಾತು ಬಾಕಿಯಿತ್ತು. ಕೋನಸೀಮೆಯ ಬಡ ದಲಿತ ಕುಟುಂಬದವನು. ಅವನಿಗೆ ಐದು ವರ್ಷದ ಬಾಕಿ ಕೊಡುವ ಆದೇಶ ಯಾವ ಸರ್ಕಾರವೂ ಹೊರಡಿಸಲಿಲ್ಲ. 2025ರ ಏಪ್ರಿಲ್‌ನಲ್ಲಿ ಎಬಿವಿ ಅವನ ಊರಿಗೆ ಹೋಗಿ ಮನೆಯವರನ್ನು ಮಾತಾಡಿಸಿದರು. ತಾವು ರಾಜಕೀಯಕ್ಕೆ ಬರುವುದಾಗಿ ಅಲ್ಲೇ ಹೇಳಿದರು.