ಅಡಿಗೆಮನೆಯ ಲೆಕ್ಕ, ಸಂಬಳದ ಲೆಕ್ಕ

ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಮನೆಯ ಅಡಿಗೆಯ ಸ್ವರೂಪವೇ ಬದಲಾಗುತ್ತಿತ್ತು. ಮೊದಲ ವಾರದ ತುಪ್ಪ, ಕೊಬ್ಬರಿ, ತೊಗರಿಬೇಳೆಯ ದಪ್ಪ ಸಾರು ಮರೆಯಾಗಿ ಜುಣಕ, ಶೇಂಗಾ ಚಟ್ನಿ, ಮೂಲಂಗಿ ಸೊಪ್ಪಿನ ಪಲ್ಯ ತಟ್ಟೆಗೆ ಬರುತ್ತಿದ್ದವು. ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಜೀರಿಗೆ, ಉಪ್ಪು-ಖಾರ ಸೇರಿಸಿ ಕುಟ್ಟಿ ಅವ್ವ ಮುಟಗಿ ಕಟ್ಟಿ ಕೊಡುತ್ತಿದ್ದಳು. ಅದು ಕೈ ಖಾಲಿಯಾದ ದಿನಗಳ ಅಡಿಗೆ ಎಂದು ನನಗೂ ನನ್ನ ತಂಗಿಗೂ ಗೊತ್ತಿರಲಿಲ್ಲ. ಮುಟಗಿಯ ದಿನ ನಮಗೆ ಹಬ್ಬದ ದಿನವೇ ಆಗಿತ್ತು.

ನಮ್ಮ ತಂದೆಯವರು ಧಾರವಾಡದ ಕಡೆಯಿಂದ ಮುಂಬಯಿಗೆ ಬಂದು ಗುಮಾಸ್ತರಾದವರು. ಚಾಳಿನ ಒಂದು ಖೋಲಿಯಲ್ಲಿ ತಂದೆ, ಅವ್ವ, ಅಜ್ಜಿ, ನಾವಿಬ್ಬರು ಮಕ್ಕಳು, ಹೀಗೆ ಐದು ಜನ. ಅವ್ವನ ಬಳಿ ಒಂದು ನೋಟುಪುಸ್ತಕವಿತ್ತು. ಕಿರಾಣಿ, ಹಾಲು, ಕಾಯಿಪಲ್ಲೆ, ರೇಷನ್ ಅಂಗಡಿಯ ಪಾಮೋಲಿನ್ ಎಣ್ಣೆ, ಸೀಮೆಎಣ್ಣೆ ಎಲ್ಲವೂ ಅದರಲ್ಲಿ ಪೈಸೆಯ ತನಕ ನಮೂದಾಗುತ್ತಿದ್ದವು.

ನಾನೂ ಬಿ.ಎಸ್ಸಿ. ಮುಗಿಸಿ ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತನಾದೆ. ಕೆಲವು ವರ್ಷಗಳ ಹಿಂದೆ ವೇತನ ಆಯೋಗದ ವರದಿಯೊಂದನ್ನು ತಿರುವಿಹಾಕುವಾಗ ಅದರಲ್ಲಿ ಅವ್ವನ ಪುಸ್ತಕದಂಥದೇ ಒಂದು ಪಟ್ಟಿ ಕಣ್ಣಿಗೆ ಬಿತ್ತು. ಅಕ್ಕಿ ಇಷ್ಟು, ಬೇಳೆ ಇಷ್ಟು, ಎಣ್ಣೆ ಇಷ್ಟು! ನಮ್ಮೆಲ್ಲರ ಸಂಬಳದ ಬುಡದಲ್ಲಿ ಒಂದು ಕಿರಾಣಿ ಚೀಟಿ ಇದೆಯೆಂಬುದು ಅಂದು ತಿಳಿಯಿತು. ಆ ಚೀಟಿ ಸರಕಾರದ ಕಡತದೊಳಗೆ ಹೇಗೆ ಸೇರಿತು, ಅದರಲ್ಲಿ ಯಾರು ಸೇರಿದರು, ಯಾರು ಬಿಟ್ಟುಹೋದರು ಎಂಬುದನ್ನು ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಸಂಸಾರದ ಖರ್ಚು ಅಂಕಿಸಂಖ್ಯೆಯಾದದ್ದು

ಮನೆಯ ಖರ್ಚಿನ ಲೆಕ್ಕದಿಂದ ಶಾಸ್ತ್ರದ ಮಾತನ್ನು ಮೊದಲು ಹೊರಡಿಸಿದವನು ಜರ್ಮನಿಯ ಅರ್ನ್ಸ್ಟ್ ಎಂಗೆಲ್. (ಕಾರ್ಲ್ ಮಾರ್ಕ್ಸ್‌ನ ಗೆಳೆಯ ಎಂಗೆಲ್ಸ್ ಬೇರೆ, ಈತ ಬೇರೆ.) ಸ್ಯಾಕ್ಸನಿಯ ಅಂಕಿಸಂಖ್ಯಾ ಕಚೇರಿಯ ಮುಖ್ಯಸ್ಥನಾಗಿದ್ದ ಈತ ಬೆಲ್ಜಿಯಮ್ಮಿನ ಕೂಲಿಕಾರ ಕುಟುಂಬಗಳ ಆಯವ್ಯಯವನ್ನು ಪರೀಕ್ಷಿಸಿ 1857ರಲ್ಲಿ ಒಂದು ನಿಯಮ ಹೇಳಿದ. ಸಂಸಾರ ಬಡವಾದಷ್ಟೂ ಅದರ ವರಮಾನದಲ್ಲಿ ಊಟಕ್ಕೆ ಹೋಗುವ ಪಾಲು ಹೆಚ್ಚು. ವರಮಾನ ಏರಿದಂತೆ ಆ ಪಾಲು ಇಳಿಯುತ್ತದೆ. ನಮ್ಮ ಹೆಂಗಸರಿಗೆ ಇದೇನು ಹೊಸ ಸಂಗತಿಯಲ್ಲ. ಆದರೆ ಅವರ ಮಾತಿಗೆ ಕೋಷ್ಟಕದ ಬಲ ಬಂದದ್ದು ಆಗ.

ನಮ್ಮ ಮುಂಬಯಿಯಲ್ಲಿ ಇಂಥ ವಿಚಾರಣೆ ನಡೆದದ್ದು 1921-22ರಲ್ಲಿ. ಮುಂಬಯಿ ಸರಕಾರದ ಕಾರ್ಮಿಕ ಕಚೇರಿಯವರು 2,473 ದುಡಿಯುವ ಕುಟುಂಬಗಳ ಖರ್ಚುವೆಚ್ಚ ಕೇಳಿ ಬರೆದುಕೊಂಡರು. ಫಿಂಡ್ಲೆ ಶಿರಾಸ್ ಎಂಬವರ ಹೆಸರಿನಲ್ಲಿ 1923ರಲ್ಲಿ ವರದಿ ಹೊರಬಿತ್ತು. ನೂರು ರೂಪಾಯಿ ಖರ್ಚಿನಲ್ಲಿ ಸುಮಾರು 57 ರೂಪಾಯಿ ಊಟಕ್ಕೇ ಹೋಗುತ್ತಿತ್ತು. ವರದಿಯ ಇನ್ನೊಂದು ಮಾತು ಮನಸ್ಸಿಗೆ ನಾಟುವಂಥದು. ಗಿರಣಿಯಲ್ಲಿ ದುಡಿದು ಉಣ್ಣುವವನ ಕಾಳುಕಡಿ ದುಷ್ಕಾಳ ಸಂಹಿತೆ ಗೊತ್ತುಪಡಿಸಿದ ಪ್ರಮಾಣವನ್ನು ಮುಟ್ಟುತ್ತಿತ್ತು. ಆದರೆ ಮುಂಬಯಿ ಜೈಲಿನ ನಿಯಮಾವಳಿ ಕೈದಿಗೆ ಕೊಡಿಸುತ್ತಿದ್ದಷ್ಟು ಊಟ ಅವನಿಗಿರಲಿಲ್ಲ.

ಕೂನೂರಿನ ಕೊಡುಗೆ

ಎಷ್ಟು ತಿನ್ನುತ್ತಾರೆ ಎಂಬುದೇನೋ ತಿಳಿಯಿತು. ಎಷ್ಟು ತಿನ್ನಬೇಕು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ನೀಲಗಿರಿಯ ಕೂನೂರಿನಿಂದ. ಅಲ್ಲಿ 1918ರಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ರಾಬರ್ಟ್ ಮೆಕ್ಯಾರಿಸನ್ ಆರಂಭಿಸಿದ ಸಣ್ಣ ಪ್ರಯೋಗಾಲಯ ಮುಂದೆ ಪೋಷಣ ಸಂಶೋಧನಾಲಯವಾಗಿ ಬೆಳೆಯಿತು. ಮೆಕ್ಯಾರಿಸನ್ ದೇಶದ ಬೇರೆ ಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ಉಣ್ಣಿಸಿ ನೋಡಿದರು. ಗೋಧಿ ರೊಟ್ಟಿ, ಹಾಲು, ಬೇಳೆ, ಸೊಪ್ಪು ತಿಂದ ಇಲಿಗಳು ಪುಷ್ಟವಾದವು. ಗಿರಣಿಯಲ್ಲಿ ಬೆಳ್ಳಗೆ ತೀಡಿದ ಅಕ್ಕಿಯನ್ನೇ ನೆಚ್ಚಿದ ಊಟದ ಇಲಿಗಳು ಸೊರಗಿದವು. ಅಕ್ಕಿಯನ್ನು ತೀಡುವಾಗ ತೌಡಿನೊಂದಿಗೆ ಬಿ-1 ಜೀವಸತ್ವವೂ ಹೊರಟುಹೋಗುತ್ತದೆ. ಮನೆಯಲ್ಲಿ ಕುಟ್ಟಿದ ಅಕ್ಕಿ ತಿನ್ನುತ್ತಿದ್ದ ನಮ್ಮ ಹಿರಿಯರು ತಿಳಿಯದೆಯೇ ಜಾಣರಾಗಿದ್ದರು.

1935ರಲ್ಲಿ ಡಾ. ವ್ಯಾಲೇಸ್ ಆಕ್ರಾಯ್ಡ್ ಅಲ್ಲಿಯ ನಿರ್ದೇಶಕರಾದರು. ಭಾರತದ ಆಹಾರಪದಾರ್ಥಗಳ ಪೋಷಕ ಮೌಲ್ಯ ಮತ್ತು ಸಮರ್ಪಕ ಊಟದ ಯೋಜನೆ ಕುರಿತು 1937ರಲ್ಲಿ ಅವರು ತಂದ ಆರೋಗ್ಯ ಪತ್ರಿಕೆ ಸಂಖ್ಯೆ 23 ಒಂದು ಸಣ್ಣ ಪುಸ್ತಿಕೆ. ಅಗ್ಗದ ಯಾವ ಪದಾರ್ಥ ದೇಹಕ್ಕೆ ಏನು ಕೊಡುತ್ತದೆ ಎಂಬುದನ್ನು ಕೋಷ್ಟಕದಲ್ಲಿ ನೋಡಿ ಊಟ ಯೋಜಿಸುವ ದಾರಿ ಅದರಿಂದ ತೆರೆಯಿತು. ಮುಂದೆ ಈ ಕೋಷ್ಟಕಗಳು ಬೆಳೆಯುತ್ತ ಬಂದವು. ನೂರು ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಸುಣ್ಣದಂಶವಿದ್ದರೆ ತೀಡಿದ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ ಎಂಬುದನ್ನು ನಾವು ಕಾಲೇಜಿನಲ್ಲಿ ಓದಿದ್ದು ಇವುಗಳಿಂದಲೇ. ಆ ಸಂಶೋಧನಾಲಯ 1958ರಲ್ಲಿ ಹೈದರಾಬಾದಿಗೆ ಬಂತು. ತಾರ್ನಾಕದ ರಾಷ್ಟ್ರೀಯ ಪೋಷಣ ಸಂಸ್ಥೆಯ ಮುಂದೆ ಓಡಾಡುವ ಅಲ್ಲಿಯ ಕನ್ನಡಿಗರು ಇದನ್ನು ನೆನೆಯಬಹುದು.

ಚೀಟಿಯ ಕಾಲ

ಅಷ್ಟರಲ್ಲಿ ಮಹಾಯುದ್ಧ ಬಂತು. ಬರ್ಮಾದ ಅಕ್ಕಿ ನಿಂತಿತು, ಬೆಲೆ ಏರಿತು. 1943ರ ಮೇ ತಿಂಗಳಲ್ಲಿ ಮುಂಬಯಿ ನಗರದಲ್ಲಿ ರೇಷನ್ ಪದ್ಧತಿ ಜಾರಿಗೆ ಬಂತು. ಪ್ರೌಢರಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯವಿರಲಿ ಎಂಬುದು ಅದೇ ವರ್ಷ ಆಹಾರಧಾನ್ಯ ನೀತಿ ಸಮಿತಿ ಮಾಡಿದ ಶಿಫಾರಸು. ಬಂಗಾಳದಲ್ಲಿ ಲಕ್ಷಾಂತರ ಜನ ಹಸಿದು ಸತ್ತ ವರ್ಷವೂ ಅದೇ. ಆ ಕ್ಷಾಮದ ವಿಚಾರಣಾ ಆಯೋಗದಲ್ಲಿ ಆಕ್ರಾಯ್ಡ್ ಸದಸ್ಯರಾಗಿದ್ದರು. ಚೀಟಿಯ ಮೇಲೆ ಸಿಕ್ಕ ಧಾನ್ಯವನ್ನೇ ಉಣ್ಣಬೇಕಾಗಿ, ಅಕ್ಕಿಯವರು ಗೋಧಿಗೆ, ಜೋಳದವರು ಅಕ್ಕಿಗೆ ಒಗ್ಗಿಕೊಂಡರು. ಕರಾವಳಿಯ ಮನೆಗಳಲ್ಲಿ ಚಪಾತಿ ಲಟ್ಟಿಸುವುದನ್ನು ಕಲಿತ ಅಜ್ಜಿಯರ ಕಥೆಗಳನ್ನು ನಮ್ಮ ಸಂಘದ ಹಿರಿಯ ಸದಸ್ಯರಿಂದ ನಾನು ಕೇಳಿದ್ದೇನೆ.

ಸ್ವಾತಂತ್ರ್ಯಾನಂತರ ನಿಯಂತ್ರಣ ಒಮ್ಮೆ ಹೋಗಿ ಮತ್ತೆ ಬಂತು. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಸೋಮವಾರ ಒಂದು ಹೊತ್ತಿನ ಊಟ ಬಿಡಿರೆಂದು ದೇಶವನ್ನು ಕೇಳಿಕೊಂಡರು. 1972ರ ಬರಗಾಲದಲ್ಲಿ ಅಮೆರಿಕೆಯ ಕೆಂಪು ಮಿಲೋ ಜೋಳ ರೇಷನ್ ಅಂಗಡಿಗೆ ಬಂತು. ರೊಟ್ಟಿ ಬಡಿದರೆ ಒಡೆಯುವ ಆ ಜೋಳವನ್ನು ಅಜ್ಜಿ ಕೊನೆಯವರೆಗೂ ಶಪಿಸುತ್ತಿದ್ದಳು.

ಅದೇ 1972ರಲ್ಲಿ ಮುಂಬಯಿಯ ಗೃಹಿಣಿಯರು ಬೆಲೆಯೇರಿಕೆಯ ವಿರುದ್ಧ ಸಂಯುಕ್ತ ಸಮಿತಿ ಕಟ್ಟಿದರು. ಮೃಣಾಲ್ ಗೋರೆ, ಅಹಿಲ್ಯಾ ರಾಂಗ್ಣೇಕರ್ ಮುಂತಾದವರ ಮುಂದಾಳುತನದಲ್ಲಿ ಸಾವಿರಾರು ಹೆಂಗಸರು ಕೈಯಲ್ಲಿ ಲಟ್ಟಣಿಗೆ ಹಿಡಿದು ಬೀದಿಗಿಳಿದರು. ತಟ್ಟೆ ಬಾರಿಸಿದರು. ಅಡಿಗೆಮನೆಯ ಲೆಕ್ಕ ತಪ್ಪಿದರೆ ಅದನ್ನು ಕೇಳುವ ಹಕ್ಕು ಅಡಿಗೆಮನೆಗೂ ಇದೆಯೆಂದು ಈ ಲಟ್ಟಣಿಗೆ ಮೋರ್ಚಾ ತೋರಿಸಿಕೊಟ್ಟಿತು.

ಮೂರು ಬಾಯಿಯ ಸಂಸಾರ

ಈಗ ನಮ್ಮ ಸಂಬಳದ ಕಡೆ ಬರೋಣ. 1957ರ ಜುಲೈಯಲ್ಲಿ ದಿಲ್ಲಿಯಲ್ಲಿ ನಡೆದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಅಗತ್ಯಕ್ಕೆ ತಕ್ಕ ಕನಿಷ್ಠ ವೇತನದ ಸೂತ್ರವೊಂದನ್ನು ಒಪ್ಪಿತು. ಒಬ್ಬ ದುಡಿಯುವವನ ಮೇಲೆ ಮೂರು ಉಪಭೋಗ ಘಟಕ, ಎಂದರೆ ಮೂರು ಪೂರ್ಣ ಊಟದ ಭಾರ ಹಿಡಿಯಬೇಕು. ಪ್ರತಿಯೊಂದು ಘಟಕಕ್ಕೂ ಆಕ್ರಾಯ್ಡ್ ಹೇಳಿದ ಪ್ರಮಾಣದ ಆಹಾರ, 2,700 ಕ್ಯಾಲೊರಿ. ನಾಲ್ವರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಜೊತೆಗೆ ಮನೆ ಬಾಡಿಗೆ. ಸೌದೆ-ದೀಪ ಮತ್ತಿತರ ವೆಚ್ಚಕ್ಕೆ ಒಟ್ಟು ವೇತನದಲ್ಲಿ ನೂರಕ್ಕೆ 20. ಹೆಂಗಸರ, ಮಕ್ಕಳ ಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಸೂತ್ರ ಒಪ್ಪಿದ್ದಾಯಿತೇ ಹೊರತು ಸಂಬಳ ಅದರಂತೆ ಬರಲಿಲ್ಲ. 1959ರಲ್ಲಿ ವರದಿ ಕೊಟ್ಟ ಎರಡನೆಯ ವೇತನ ಆಯೋಗ ತಿಂಗಳಿಗೆ 80 ರೂಪಾಯಿಗೆ ನಿಂತಿತು. 1960ರ ಜುಲೈಯಲ್ಲಿ ಕೇಂದ್ರ ನೌಕರರು ಐದು ದಿನ ಮುಷ್ಕರ ಹೂಡಿದರು. 1968ರ ಸೆಪ್ಟೆಂಬರ್ 19ರಂದು ಮತ್ತೊಂದು ದಿನದ ಮುಷ್ಕರ. ಈ ಹೋರಾಟಗಳಲ್ಲಿ ಕೆಲಸ ಕಳೆದುಕೊಂಡವರಿದ್ದಾರೆ, ಜೈಲಿಗೆ ಹೋದವರಿದ್ದಾರೆ. ಇಂದು ನಾವು ಪಡೆಯುವ ತುಟ್ಟಿಭತ್ಯೆಯನ್ನು ಎಣಿಸುವಾಗ ಅವರನ್ನು ಮರೆಯಬಾರದು. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ವಿದ್ಯಾಭ್ಯಾಸ, ಔಷಧೋಪಚಾರ, ಮದುವೆ-ಮುಂಜಿ, ಮುಪ್ಪಿನ ಕಾಲಗಳಿಗಾಗಿ ನೂರಕ್ಕೆ 25 ಸೇರಿಸಬೇಕೆಂದು ತೀರ್ಪಿತ್ತಿತು.

ಏಳನೆಯ ವೇತನ ಆಯೋಗ 2015ರ ವರದಿಯಲ್ಲಿ ಈ ಸೂತ್ರವನ್ನೇ ಬುನಾದಿಯಾಗಿ ಹಿಡಿಯಿತು. ತಿಂಗಳಿಗೆ ಅಕ್ಕಿ ಅಥವಾ ಗೋಧಿ 42.75 ಕಿಲೋ, ಬೇಳೆ 7.2 ಕಿಲೋ, ಹಾಲು 18 ಲೀಟರ್, ಸಕ್ಕರೆ-ಬೆಲ್ಲ 5.04 ಕಿಲೋ, ಎಣ್ಣೆ 3.6 ಕಿಲೋ, ಕಾಯಿಪಲ್ಲೆ, ಹಣ್ಣು ಇತ್ಯಾದಿ ಸೇರಿಸಿ, ಮೇಲಿನ ವೆಚ್ಚಗಳನ್ನು ಕೂಡಿಸಿ, 2016ರ ಜನವರಿ 1ರಿಂದ ಕನಿಷ್ಠ ವೇತನ 18,000 ರೂಪಾಯಿ ಎಂದು ಗೊತ್ತುಮಾಡಲಾಯಿತು. ಪಟ್ಟಿಯಲ್ಲಿ ಅಕ್ಕಿ-ಗೋಧಿಗಳಿವೆ, ನಮ್ಮ ಜೋಳ, ರಾಗಿಗಳ ಹೆಸರಿಲ್ಲ. ಇರಲಿ.

ನನ್ನ ಕಣ್ಣು ನಿಂತದ್ದು ಇನ್ನೊಂದು ಅಂಕಿಯ ಮೇಲೆ. ಮೂರು ಘಟಕಗಳ ವಿಂಗಡಣೆ ಹೀಗಿದೆ: ಗಂಡ 1, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6. ವಯಸ್ಸಾದ ತಂದೆತಾಯಿಗಳಿಗೆ ಸೊನ್ನೆ.

ಆ ಸಂಜೆ ಮನೆಗೆ ಹೋಗಿ, “ಅವ್ವಾ, ಸರಕಾರದ ಲೆಕ್ಕದಾಗ ನೀ ಬರೇ 0.8” ಎಂದೆ. ಹಳೆಯ ಆಣೆಗಳ ಲೆಕ್ಕ ಮರೆಯದ ಅವ್ವ ಒಂದು ಕ್ಷಣ ಬೆರಳು ಮಡಿಚಿ, “ಅಂದ್ರ ರೂಪಾಯಿಗೆ ಹದಿಮೂರಾಣೆ ಆತು. ಉಳಿದ ಮೂರಾಣೆ ಯಾರು ತಿಂದ್ರೋ?” ಎಂದು ನಕ್ಕಳು.

ನಾನೂ ನಕ್ಕೆ. ಆದರೆ ರಾತ್ರಿ ಹಳೆಯ ನೋಟುಪುಸ್ತಕ ತೆಗೆದು ಕುಳಿತಾಗ ನಗು ಉಳಿಯಲಿಲ್ಲ. ಒಂದು ತಿಂಗಳ ಪುಟದಲ್ಲಿ ಜೋಳ 25 ಕಿಲೋ, ಅಕ್ಕಿ 10, ಗೋಧಿ 8; ಒಟ್ಟು 43. ಆಯೋಗದ 42.75ಕ್ಕೆ ಸರಿಯಾಗಿ ಮೂರು ಘಟಕಗಳ ಕಾಳು. ನಮ್ಮ ಮನೆಯಲ್ಲಿ ಅಜ್ಜಿಯನ್ನು ಸೇರಿಸಿದರೆ ಇದ್ದದ್ದು 3.8 ಘಟಕ. ತಂದೆಯವರು ಹೊಟ್ಟೆ ತುಂಬ ಉಂಡು ಕಚೇರಿಗೆ ಹೋಗುತ್ತಿದ್ದರು. ಮಕ್ಕಳು ನಾವು ಎರಡನೆಯ ರೊಟ್ಟಿ ಕೇಳಿದಾಗ ಇಲ್ಲವೆಂದದ್ದು ನೆನಪಿಲ್ಲ. ಅಜ್ಜಿಗೆ ಮೊದಲು ಬಡಿಸುವುದು ಮನೆಯ ರೂಢಿ. ಹಾಗಾದರೆ ಕೊರತೆ ಬಿದ್ದದ್ದು ಯಾರ ತಟ್ಟೆಯಲ್ಲಿ? ಎಲ್ಲರ ಊಟವಾದ ಮೇಲೆ ಒಲೆಯ ಪಕ್ಕದಲ್ಲಿ ಒಬ್ಬಳೇ ಕುಳಿತು “ನನಗ ಹಸಿವಿಲ್ಲ” ಎನ್ನುತ್ತಿದ್ದವಳು ಒಬ್ಬಳೇ. ನಾನು ಕಾಲೇಜಿನಲ್ಲಿದ್ದಾಗ ಡಾಕ್ಟರು ಅವಳಿಗೆ ರಕ್ತ ಬಹಳ ಕಡಿಮೆ ಇದೆಯೆಂದು ಕಬ್ಬಿಣದ ಗುಳಿಗೆ ಬರೆದುಕೊಟ್ಟಿದ್ದರು. ಕಾರಣವನ್ನು ನಾವ್ಯಾರೂ ಕೇಳಲಿಲ್ಲ. ಪೋಷಣಶಾಸ್ತ್ರದ ಕೋಷ್ಟಕ ಬಾಯಿಪಾಠ ಮಾಡುತ್ತಿದ್ದ ನಾನೂ ಕೇಳಲಿಲ್ಲ.

ಪುಸ್ತಕದ ಲೆಕ್ಕ ಪ್ರತಿ ತಿಂಗಳೂ ಸರಿಹೊಂದಿತ್ತು. ಅದು ಸರಿಹೊಂದಿದ್ದು ಅವಳ ತಟ್ಟೆಯಿಂದ ಕಳೆದು.

ಇಂದಿನ ಮನೆಗೆ ಒಂದೆರಡು ಮಾತು

ಈಗ ಕಾಲ ಬದಲಾಗಿದೆ. ತುಟ್ಟಿಭತ್ಯೆಗೆ ಆಧಾರವಾದ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕದಲ್ಲಿ ಊಟ-ಪಾನೀಯಗಳ ತೂಕ 2001ರ ಶ್ರೇಣಿಯಲ್ಲಿ ನೂರಕ್ಕೆ 46.20 ಇದ್ದದ್ದು 2016ರ ಶ್ರೇಣಿಯಲ್ಲಿ 39.17ಕ್ಕೆ ಇಳಿದಿದೆ. ಎಂಗೆಲ್ಲನ ಮಾತು ನಿಜವಾಗುತ್ತ ಬಂದಿದೆ. ಹಾಗಿದ್ದರೂ ಬಾಡಿಗೆ, ಶಾಲೆಯ ಶುಲ್ಕಗಳ ಒತ್ತಡದಲ್ಲಿ ಊಟದ ಖರ್ಚನ್ನು ಹಿಡಿತದಲ್ಲಿಡುವ ಕೆಲಸ ಪರವೂರಿನಲ್ಲಿರುವ ನಮ್ಮಂಥವರಿಗೆ ತಪ್ಪಿದ್ದಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ. ಆದರೆ ಮನೆಯವರೆಲ್ಲರ ಕಾಲಿಗೂ ಹಾಸಿಗೆ ಸಾಲುತ್ತದೆಯೇ ಎಂದು ನೋಡಬೇಕು.

ಅವ್ವನ ಪುಸ್ತಕ ಮತ್ತು ಕೂನೂರಿನ ಕೋಷ್ಟಕ ಎರಡೂ ಒಪ್ಪುವ ಉಪಾಯಗಳು ಇಂದಿಗೂ ಹಳಸಿಲ್ಲ. ಕಾಳಿನೊಡನೆ ಬೇಳೆ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮೂಲಂಗಿ, ಮೆಂತೆ, ರಾಜಗಿರಿ ಸೊಪ್ಪು ಪೇಟೆಯಲ್ಲಿ ಅಗ್ಗವಾಗಿ ಸಿಗುವ ಔಷಧ. ಬೇಳೆ ಬೇಯಿಸಿದ ನೀರನ್ನು ಚೆಲ್ಲದೆ ಕಟ್ಟಿನ ಸಾರು ಮಾಡುವುದು, ಶೇಂಗಾವನ್ನು ಚಟ್ನಿಪುಡಿ ಮಾಡಿ ತಿಂಗಳಿಡೀ ಇಡುವುದು, ವಾರದ ಅಡಿಗೆಯನ್ನು ಮೊದಲೇ ಗೊತ್ತುಮಾಡಿ ಚೀಟಿ ಬರೆದು ಸಂತೆಗೆ ಹೋಗುವುದು, ಇವು ಖರ್ಚನ್ನು ಇಳಿಸುತ್ತವೆ, ಮೈಯನ್ನು ಇಳಿಸುವುದಿಲ್ಲ.

ಆದರೆ ಮನೆಯಡಿಗೆ ಅಗ್ಗವೆನ್ನುವಾಗ ಅದಕ್ಕೆ ಬೀಳುವ ದುಡಿಮೆಯ ಬೆಲೆ ಕಟ್ಟಿರುವುದಿಲ್ಲ. 2019ರ ಸರಕಾರಿ ಸಮಯ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆದರೆ ಗಂಡಸರು 97 ನಿಮಿಷ. ಉಳಿತಾಯ ಎಲ್ಲರದಾದರೆ ದುಡಿಮೆಯೂ ಎಲ್ಲರದಾಗಬೇಡವೇ?

2025ರಲ್ಲಿ ಎಂಟನೆಯ ವೇತನ ಆಯೋಗ ರಚನೆಯಾಯಿತು. 0.8 ಒಂದಾಗಲಿ, ಮುಪ್ಪಿನ ತಂದೆತಾಯಿಗಳ ಸೊನ್ನೆ ಅಳಿಸಲಿ ಎಂಬುದು ನನ್ನ ಆಸೆ. ಅಷ್ಟಕ್ಕೂ ನಮ್ಮ ಮನೆಯ ಮಟ್ಟಿಗೆ ಯಾವ ಆಯೋಗಕ್ಕೂ ಕಾಯಬೇಕಾಗಿಲ್ಲ. ಈಗ ರೊಟ್ಟಿ ಬಡಿಯುವುದನ್ನು ನಾನು ಕಲಿತಿದ್ದೇನೆ. ನನ್ನ ರೊಟ್ಟಿ ದುಂಡಗಾಗುವುದಿಲ್ಲ, ಮುಟಗಿಗೆ ನಡೆಯುತ್ತದೆ. ರಾತ್ರಿ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತೇವೆ. ಮೊದಲ ತಟ್ಟೆ ಅವ್ವನಿಗೆ. ಅವಳು ಇಂದಿಗೂ “ನನಗ ಹಸಿವಿಲ್ಲ” ಎನ್ನುತ್ತಾಳೆ. ಆ ಮಾತನ್ನು ನಾವು ಈಗ ನಂಬುವುದಿಲ್ಲ.