ರಿಮ್‌ಫೈರ್ ಬೋಲ್ಟ್ ರೈಫಲ್
ತೋಟಾದ ತಳದ ಅಂಚಿಗೆ ಪೆಟ್ಟು ಬಿದ್ದೊಡನೆ ಮದ್ದು ಹೊತ್ತಿಕೊಂಡು ಗುಂಡು ಹಾರುವ, ಕೈಯಿಂದ ಬೋಲ್ಟ್ ಎಳೆದು ತುಂಬುವ ಸಣ್ಣ ಬಂದೂಕು. ಇದರ ಪ್ರಸಿದ್ಧ ತೋಟಾ .22 ಲಾಂಗ್ ರೈಫಲ್ 1887ರಲ್ಲಿ ಅಮೆರಿಕದಲ್ಲಿ ಬಂತು. ಜಾನ್ ಬ್ರೌನಿಂಗ್ ವಿನ್ಯಾಸದ ವಿಂಚೆಸ್ಟರ್ 1900 ಆರಂಭದ ಅಗ್ಗದ ಮಾದರಿಗಳಲ್ಲೊಂದು. ಹಳೆಯದನ್ನು ಕೊಳ್ಳುವವರು ಮೊದಲು ನಳಿಗೆಯ ಬಾಯಿ ನೋಡಬೇಕು: ಅಲ್ಲಿ ಸ್ವಲ್ಪ ಜಜ್ಜಿದ್ದರೂ ಗುರಿ ಚದರುತ್ತದೆ. ಮರದ ಹಿಡಿಗೆ ಬಿಗಿಯುವ ತಿರುಪು ಸಡಿಲಾದರೂ ಹಾಗೆಯೇ. ಒಂದೇ ರೈಫಲ್ ಒಂದು ಕಂಪನಿಯ ತೋಟಾದಲ್ಲಿ ಗುಂಡುಗಳನ್ನು ನಾಣ್ಯದಗಲದಲ್ಲಿ ಕೂರಿಸಿ, ಇನ್ನೊಂದರಲ್ಲಿ ಅಂಗೈಯಗಲ ಹರಡುವುದುಂಟು. ಆದ್ದರಿಂದ ಬಿಡಿಭಾಗಕ್ಕೆ ದುಡ್ಡು ಸುರಿಯುವ ಮೊದಲು ನಾಲ್ಕಾರು ಬಗೆಯ ತೋಟಾ ಪರೀಕ್ಷಿಸುವುದೇ ಜಾಣತನ. ಟ್ರಿಗರ್ ಹದಗೊಳಿಸುವುದನ್ನು ಮಾತ್ರ ನುರಿತವರಿಗೇ ಬಿಡಬೇಕು. ಭಾರತದಲ್ಲಿ ಎನ್‌ಸಿಸಿ ಕೆಡೆಟ್‌ಗಳು ಗುರಿಯಭ್ಯಾಸಕ್ಕೆ .22 ಬೋಲ್ಟ್ ರೈಫಲ್ ಬಳಸುತ್ತಾರೆ. ಸ್ವಂತಕ್ಕೆ ಹೊಂದಲು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು.