ತಖ್ತೆ ಕೇಳಿದ ಆದೇಶ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇಂದು ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಸೀಮೆ ಮದ್ರಾಸ್ ಆಡಳಿತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಇಲ್ಲಿನ ಸರ್ಕಾರಿ ಕಚೇರಿಗಳ ನೇಮಕಾತಿಯ ನಿಯಮಗಳೂ ಮದ್ರಾಸಿನಿಂದಲೇ ಬರುತ್ತಿದ್ದವು.

ಕಂದಾಯ ಇಲಾಖೆಯ ಹುದ್ದೆಗಳು ಕೆಲವೇ ಪ್ರಭಾವಿ ಕುಟುಂಬಗಳ ಪಾಲಾಗಬಾರದು, ವಿವಿಧ ಜಾತಿಗಳಿಗೆ ಹಂಚಿಕೆಯಾಗಬೇಕು ಎಂದು ಮದ್ರಾಸಿನ ರೆವಿನ್ಯೂ ಬೋರ್ಡು 19ನೆಯ ಶತಮಾನದಲ್ಲೇ ಸ್ಥಾಯೀ ಆದೇಶ ಮಾಡಿತ್ತು. ಆದರೂ 1912ರಲ್ಲಿ ಆ ಪ್ರಾಂತ್ಯದ ಡೆಪ್ಯುಟಿ ಕಲೆಕ್ಟರುಗಳಲ್ಲಿ ಸುಮಾರು ಶೇ. 55ರಷ್ಟು, ಜಿಲ್ಲಾ ಮುನಸೀಫರಲ್ಲಿ ಶೇ. 70ಕ್ಕೂ ಹೆಚ್ಚು ಮಂದಿ ಬ್ರಾಹ್ಮಣರೇ ಆಗಿದ್ದರು. ಜನಸಂಖ್ಯೆಯಲ್ಲಿ ಅವರ ಪಾಲು ಶೇ. 3ರ ಆಸುಪಾಸು.

ಜಸ್ಟಿಸ್ ಪಕ್ಷದ ಪಾನಗಲ್ ರಾಜರ ಮಂತ್ರಿಮಂಡಲವಿದ್ದಾಗ, 1921ರ ಸೆಪ್ಟೆಂಬರ್ 16ರಂದು, ಹೊಸ ಆದೇಶ ಹೊರಟಿತು. ಹಂಚಿಕೆಯ ತತ್ವ ಎಲ್ಲ ಇಲಾಖೆಗಳ ಎಲ್ಲ ದರ್ಜೆಗಳಿಗೂ ವಿಸ್ತರಿಸಿತು. ಅದರ ನಿಜವಾದ ಬಲವಿದ್ದುದು ಇನ್ನೊಂದು ಷರತ್ತಿನಲ್ಲಿ. ಇಲಾಖಾ ಮುಖ್ಯಸ್ಥರು, ಕಲೆಕ್ಟರುಗಳು, ಜಿಲ್ಲಾ ನ್ಯಾಯಾಧೀಶರು ಹೊಸದಾಗಿ ನೇಮಕಗೊಂಡವರ ತಖ್ತೆಯನ್ನು ಆರು ತಿಂಗಳಿಗೊಮ್ಮೆ ಕಳಿಸಬೇಕಿತ್ತು. ಬ್ರಾಹ್ಮಣರು, ಬ್ರಾಹ್ಮಣೇತರ ಹಿಂದೂಗಳು, ಭಾರತೀಯ ಕ್ರೈಸ್ತರು, ಮುಸಲ್ಮಾನರು, ಯೂರೋಪಿಯನ್ನರು ಮತ್ತು ಆಂಗ್ಲೋ ಇಂಡಿಯನ್ನರು, ಇತರರು ಎಂದು ಅದರಲ್ಲಿ ಆರು ಕಾಲಂಗಳು.

ಇದರಿಂದಾದ ವ್ಯತ್ಯಾಸವೇನು? ‘ಪ್ರಯತ್ನಿಸಿದ್ದೇವೆ’ ಎಂಬ ಉತ್ತರ ಇನ್ನು ಸಾಲುತ್ತಿರಲಿಲ್ಲ; ಅಧಿಕಾರಿ ಅಂಕಿಯನ್ನೇ ಬರೆದು ಕೊಡಬೇಕಾಯಿತು. ಒಂದು ಜಿಲ್ಲೆಯನ್ನು ಇನ್ನೊಂದರೊಡನೆ ಹೋಲಿಸಿ ನೋಡುವುದೂ ಸಾಧ್ಯವಾಯಿತು.

ಆದರೆ ಆ ಕಾಲಂಗಳನ್ನು ಮತ್ತೊಮ್ಮೆ ನೋಡಿ. ನಮ್ಮ ಸೀಮೆಯ ಲಿಂಗಾಯತ, ಕುರುಬ, ಬೇಡ ನಾಯಕ ಸಮುದಾಯಗಳೆಲ್ಲ ‘ಬ್ರಾಹ್ಮಣೇತರ ಹಿಂದೂ’ ಎಂಬ ಒಂದೇ ಕಾಲಂನಲ್ಲಿ ಸೇರಿಹೋದವು. ಅವರೊಳಗೆ ಯಾರು ಮುಂದೆ, ಯಾರು ಹಿಂದೆ ಎಂಬುದು ತಖ್ತೆಯಲ್ಲಿ ಕಾಣದು. ಅಸ್ಪೃಶ್ಯತೆಯ ನೋವುಂಡವರಿಗಂತೂ ಪ್ರತ್ಯೇಕ ಕಾಲಂ ಇರಲೇ ಇಲ್ಲ. 1927ರ ಆದೇಶದಲ್ಲಿ ಪ್ರತಿ 12 ಹುದ್ದೆಗಳಲ್ಲಿ ಒಂದು ಅವರಿಗೆಂದು ಗೊತ್ತಾಯಿತು.

ಸಂವಿಧಾನ ಬಂದ ಮೇಲೆ, 1951ರಲ್ಲಿ, ಮದ್ರಾಸಿನ ಈ ಜಾತಿವಾರು ಹಂಚಿಕೆಯನ್ನು ಸುಪ್ರೀಂ ಕೋರ್ಟು ಅಸಿಂಧುಗೊಳಿಸಿತು. ಹಿಂದುಳಿದ ವರ್ಗಗಳಿಗೆ ಹುದ್ದೆ ಮೀಸಲಿಡುವ 16(4)ನೆಯ ವಿಧಿ ಮಾತ್ರ ಉಳಿಯಿತು. ಸರ್ಕಾರಿ ಕಚೇರಿಗಳಲ್ಲಿ ಇಂದಿಗೂ ಮೀಸಲಾತಿಯ ರೋಸ್ಟರ್ ಇಡುತ್ತಾರೆ. ಅಂಥ ಪಟ್ಟಿ ನಿಮ್ಮ ಕಣ್ಣಿಗೆ ಬಿದ್ದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಲೆಕ್ಕ ಸರಿಯಾಗಿ ಬರೆದಿದೆಯೇ? ಕಾಲಂ ಇಲ್ಲದೆ ಲೆಕ್ಕದಿಂದ ಹೊರಗುಳಿದವರು ಯಾರು?